ಹಳೇ ನಾಯಕಿಯರ ಚಿತ್ರಪಟ್ಟಿಯಲ್ಲಿ ಎಡವುವ ಜಾಗಗಳು

ರಾಜ್‌ಕುಮಾರ್ ಚಿತ್ರಗಳನ್ನು ವರ್ಷದ ಸಮೇತ ಒಪ್ಪಿಸುವವರು ಊರಿಗೊಬ್ಬರಾದರೂ ಸಿಗುತ್ತಾರೆ. ನಾಯಕಿ ಪಂಢರಿಬಾಯಿಯವರ ಪಟ್ಟಿ ಕೇಳಿ ನೋಡಿ, ಐದಾರು ಹೆಸರಿಗೇ ಮಾತು ನಿಲ್ಲುತ್ತದೆ. ಇಂಟರ್‌ನೆಟ್‌ನಲ್ಲಿ ಓಡಾಡುವ ನಾಯಕಿಯರ ಪಟ್ಟಿಗಳಲ್ಲಿ ಬಹುಪಾಲು ನಾಯಕರ ಪಟ್ಟಿಯನ್ನು ಮುಂದಿಟ್ಟುಕೊಂಡು ತಯಾರಾದವು. ತಪ್ಪುಗಳ ಬೇರು ಅಲ್ಲೇ ಇದೆ.

ಒಂದು ಜೋಡಿ ಉದಾಹರಣೆ ಸಾಕು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಎದುರು ನಾಯಕಿ ಪಂಢರಿಬಾಯಿ. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆದಾಗ ನಾಯಕ ರಾಜ್‌ಕುಮಾರ್ ಅವರೇ, ನಾಯಕಿ ಮಾತ್ರ ಮಾಲತಿ. ನಾಯಕನ ಪಟ್ಟಿ ಹಿಡಿದು ಹೊರಟವರು ತೆಲುಗು ಚಿತ್ರವನ್ನೂ ಪಂಢರಿಬಾಯಿಯವರ ಲೆಕ್ಕಕ್ಕೆ ಸೇರಿಸಿಬಿಡುವುದು ಸುಲಭ. ಹತ್ತು ವರ್ಷದ ಮೇಲೆ ಬಂದ ‘ಅಮರಶಿಲ್ಪಿ ಜಕಣಾಚಾರಿ’ಯದು ಇದಕ್ಕೆ ತದ್ವಿರುದ್ಧ. ಕನ್ನಡದಲ್ಲಿ ಕಲ್ಯಾಣ್ ಕುಮಾರ್, ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್, ಎರಡರಲ್ಲೂ ನಾಯಕಿ ಬಿ. ಸರೋಜಾದೇವಿ. ನಾಯಕರ ಕಡೆಯಿಂದ ನೋಡಿದರೆ ತಲಾ ಒಂದೊಂದು ಚಿತ್ರ, ಸರೋಜಾದೇವಿಯವರ ಕಡೆಯಿಂದ ಎರಡು. ಎರಡು ಭಾಷೆಯ ಸಂಭಾಷಣೆ ಬಾಯಿಪಾಠ ಮಾಡಿ ಎರಡು ಸಲ ನಟಿಸಿದ ಕೆಲಸವನ್ನು ಒಂದೆಂದು ಎಣಿಸುವುದು ಅನ್ಯಾಯ.

ಹಾಗಾದರೆ ಎರಡು ಭಾಷೆಯಲ್ಲಿ ಸಿಗುವ ಚಿತ್ರಗಳಲ್ಲಿ ದನಿಯಷ್ಟೇ ಬದಲಿಸಿದ ಡಬ್ಬಿಂಗ್ ಯಾವುದು, ಎರಡನೇ ಸಲ ಚಿತ್ರೀಕರಿಸಿದ್ದು ಯಾವುದು? ಒಬ್ಬರ ಮುಖವಷ್ಟೇ ಕಾಣುವ, ಮಾತಿರುವ ಕ್ಲೋಸಪ್ ಆರಿಸಿ, ಸದ್ದು ಬಂದ್ ಮಾಡಿ, ತುಟಿ ನೋಡಿ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ಕನ್ನಡದ ‘ಬಾ’ಗೆ ತುಟಿ ಕೂಡಿ ಬಿಡುತ್ತದೆ. ಅದೇ ಅರ್ಥದ ತೆಲುಗಿನ ‘ರಾ’ಗೆ ಬರೀ ನಾಲಿಗೆಯ ಕೆಲಸ. ತಮಿಳಿನ ‘ವಾ’ಗೆ ಕೆಳತುಟಿ ಹಲ್ಲಿನ ಹತ್ತಿರ ಹೋಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ‘ಬೇಡ’ ಮತ್ತು ತಮಿಳಿನ ‘ವೇಂಡಾಂ’ ಕೂಡ ಒಳ್ಳೆಯ ಪರೀಕ್ಷೆ. ‘ಅಮ್ಮ’ ಹಿಡಿದು ನೋಡಿದರೆ ಪ್ರಯೋಜನವಿಲ್ಲ, ಮೂರೂ ಭಾಷೆಯಲ್ಲಿ ತುಟಿ ಒಂದೇ. ಹಾಡನ್ನು ಸಾಕ್ಷಿ ಮಾಡಿಕೊಳ್ಳಬೇಡಿ: ದನಿ ಹೇಗೂ ಹಿನ್ನೆಲೆ ಗಾಯಕಿಯದು, ಡಬ್ಬಿಂಗ್ ಸಾಹಿತ್ಯವನ್ನು ತುಟಿಗೆ ಹೊಂದುವಂತೆಯೇ ಬರೆದಿರುತ್ತಾರೆ. ಪಾತ್ರ ಓದುವ ಕಾಗದ, ಗೋಡೆಯ ಕ್ಯಾಲೆಂಡರ್, ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿವೆ ಎಂಬುದನ್ನೂ ಗಮನಿಸಿ.

ಹೆಸರಿನ ಗೊಂದಲ ಇನ್ನೊಂದು ತಲೆನೋವು. ಬಿ. ಜಯಮ್ಮ, ಬಿ. ಜಯಾ, ಬಿ. ಜಯಶ್ರೀ ಮೂವರೂ ಬೇರೆ ಬೇರೆ. ಜಯಮ್ಮ ಗುಬ್ಬಿ ಕಂಪನಿಯ ನಟಿ, 1953ರ ‘ಗುಣಸಾಗರಿ’ಯಲ್ಲಿ ನಟಿಸಿದವರು. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು. ಜಯಾ ಹಾಸ್ಯ ಮತ್ತು ಪೋಷಕ ಪಾತ್ರಗಳಿಗೆ ಹೆಸರಾದವರು. ತಮಿಳಿನಲ್ಲಿ ಸರೋಜಾದೇವಿಯವರ ಕಾಲದಲ್ಲೇ ಇ.ವಿ. ಸರೋಜಾ, ಎಂ. ಸರೋಜಾ ಇಬ್ಬರೂ ನಟಿಸುತ್ತಿದ್ದರು. ಟೈಟಲ್ ಕಾರ್ಡಿನಲ್ಲಿ ಇನಿಷಿಯಲ್ ಓದದೆ ಮುಂದೆ ಹೋಗಬಾರದು. ಜಯಂತಿಯವರ ಮೂಲ ಹೆಸರು ಕಮಲಾಕುಮಾರಿ, ಕಲ್ಪನಾ ಅವರದು ಶರತ್‌ಲತಾ. ತೆರೆಗೆ ಬರುವ ಮೊದಲಿನ ದಿನಗಳನ್ನು ಹುಡುಕುವವರಿಗೆ ಈ ಹೆಸರುಗಳು ಬೇಕಾಗುತ್ತವೆ.

ಯೂಟ್ಯೂಬಿನಲ್ಲಿ ಚಿತ್ರ ನೋಡಿ ‘ಅವರ ಪಾತ್ರ ಇಷ್ಟೇ’ ಎಂದು ಬರೆಯುವ ಮೊದಲು ಒಂದು ಲೆಕ್ಕ ಹಾಕಿ. 35 ಎಂಎಂ ಫಿಲಂ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರು. ಸಾವಿರ ಅಡಿಯ ರೀಲು 11 ನಿಮಿಷ. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಚಿತ್ರದ ಉದ್ದ ಇರುತ್ತದೆ. 4,200 ಮೀಟರ್ ಎಂದಿದ್ದರೆ ಚಿತ್ರ 153 ನಿಮಿಷ ಓಡಬೇಕು. ಕೈಗೆ ಸಿಕ್ಕ ಪ್ರತಿ 125 ನಿಮಿಷವಿದ್ದರೆ ಎರಡೂವರೆ ರೀಲಿನಷ್ಟು ಹೋಗಿದೆ. 147 ನಿಮಿಷವಿದ್ದರೆ ಗಾಬರಿ ಬೇಡ. ನಮ್ಮ ಟಿವಿ ಪದ್ಧತಿಗೆ ಇಳಿಸುವಾಗ ಎಷ್ಟೋ ಚಿತ್ರಗಳನ್ನು 24ರ ಬದಲು 25 ಚೌಕಟ್ಟಿನ ವೇಗಕ್ಕೆ ಓಡಿಸಿದ್ದಾರೆ. ಅವಧಿ ನೂರಕ್ಕೆ ನಾಲ್ಕರಷ್ಟು ಕಡಿಮೆಯಾಗುತ್ತದೆ, ಶ್ರುತಿಯೂ ಒಂದು ಸ್ವರಸ್ಥಾನಕ್ಕೆ ಸ್ವಲ್ಪ ಕಡಿಮೆಯೆನ್ನುವಷ್ಟು ಏರುತ್ತದೆ. ಹಳೇ ನಟಿಯರ ದನಿ ಕೀರಲು ಎಂದು ಗೇಲಿ ಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಕತ್ತರಿ ಎಲ್ಲಿ ಬಿದ್ದಿದೆ ಎನ್ನುವುದೂ ಮುಖ್ಯ. 1958ರ ತಮಿಳಿನ ‘ನಾಡೋಡಿ ಮನ್ನನ್’ ಸರೋಜಾದೇವಿಯವರನ್ನು ತಮಿಳುನಾಡಿನ ಮನೆಮಾತು ಮಾಡಿದ ಚಿತ್ರ, ಆದರೆ ಅವರು ಬರುವುದು ದ್ವಿತೀಯಾರ್ಧದಲ್ಲಿ. ಚಿತ್ರದ ಒಂದು ಭಾಗ ಕಪ್ಪು-ಬಿಳುಪು, ಇವರಿರುವುದು ಬಣ್ಣದ ಭಾಗದಲ್ಲಿ. ಮೊದಲ ಗಂಟೆ ನೋಡಿ ಎದ್ದವರ ಕಣ್ಣಿಗೆ ಬೀಳುವ ನಾಯಕಿ ಭಾನುಮತಿ.

ಇಸವಿಯ ವಿಷಯದಲ್ಲಿ ಸರ್ಟಿಫಿಕೇಟನ್ನು ಕಣ್ಣುಮುಚ್ಚಿ ನಂಬಬಾರದು. ಬಹುಕಾಲ ಅದರ ಅವಧಿ ಹತ್ತೇ ವರ್ಷ. ಮರುಬಿಡುಗಡೆಗೆ ಹೊಸದು ಪಡೆಯಬೇಕಿತ್ತು, ಪ್ರತಿಯ ಮೊದಲಿಗೆ ಅಂಟಿಸುತ್ತಿದ್ದದ್ದೂ ಹೊಸದನ್ನೇ. ಮಂಡಳಿಯ ಹೆಸರಿನಲ್ಲಿ ‘ಸೆನ್ಸಾರ್ಸ್’ ಬದಲು ‘ಸರ್ಟಿಫಿಕೇಶನ್’ ಎಂದಿದ್ದರೆ ಅದು 1983ರ ನಂತರದ್ದು, ಚಿತ್ರ ಎಷ್ಟೇ ಹಳೆಯದಿರಲಿ. ಪ್ರಶಸ್ತಿಯ ಇಸವಿಯೂ ಹಾಗೆಯೇ: ‘ಮಹಾಕವಿ ಕಾಳಿದಾಸ’ 1955ರ ಚಿತ್ರ, ರಾಷ್ಟ್ರಪ್ರಶಸ್ತಿ ಪ್ರದಾನವಾದದ್ದು ಮರುವರ್ಷ. ರಾಜ್ಯ ಪ್ರಶಸ್ತಿಗಳು 1966-67ರಿಂದ ಶುರುವಾಗಿ ಎರಡು ವರ್ಷ ಜೋಡಿಸಿದ ಲೆಕ್ಕದಲ್ಲೇ ನಡೆದವು.

ಇಷ್ಟು ಮಾಡಿದ ಮೇಲೆ ಪಟ್ಟಿಯನ್ನು ಇಸವಿವಾರು ಜೋಡಿಸಿ, ಪಕ್ಕದಲ್ಲಿ ಪಾತ್ರವನ್ನೂ ಬರೆದುಕೊಳ್ಳಿ. ಆಗ ಬದುಕು ಕಾಣತೊಡಗುತ್ತದೆ. ಎಂ.ವಿ. ರಾಜಮ್ಮ 1936ರ ‘ಸಂಸಾರ ನೌಕೆ’ಯಲ್ಲಿ ಬಿ.ಆರ್. ಪಂತುಲು ಎದುರು ನಾಯಕಿ. 22 ವರ್ಷದ ಮೇಲೆ ‘ಸ್ಕೂಲ್ ಮಾಸ್ಟರ್’ನಲ್ಲಿ ಅದೇ ಪಂತುಲು ವಯಸ್ಸಾದ ಮೇಷ್ಟರು, ರಾಜಮ್ಮ ಅವರ ಹೆಂಡತಿ. ಪಂಢರಿಬಾಯಿ 1943ರ ‘ವಾಣಿ’ಯಿಂದಲೇ ತೆರೆಯ ಮೇಲಿದ್ದವರು. 1952ರ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್, 1954ರಲ್ಲಿ ರಾಜ್‌ಕುಮಾರ್, ಹೀಗೆ ಇಬ್ಬರೂ ನಾಯಕರಾದ ಮೊದಲ ಚಿತ್ರಕ್ಕೂ ಅವರೇ ನಾಯಕಿ. ಮುಂದೆ ಇಬ್ಬರಿಗೂ ತೆರೆಯ ಮೇಲೆ ತಾಯಿಯಾದರು. ರಾಜ್‌ಕುಮಾರ್ ಅವರಿಗಿಂತ ಅವರು ದೊಡ್ಡವರಾಗಿದ್ದದ್ದು ಬರೀ ಏಳು ತಿಂಗಳು.

ಕೊನೆಗೆ, ಥಿಯೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಅರ್ಧ ಕಥೆ ಹೇಳಿ ‘ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ಕೈಯೆತ್ತುವ ಪುಟದ ಆಸುಪಾಸಿನಲ್ಲೇ ತಾರಾಗಣ ಇರುತ್ತದೆ. ಟಿವಿಯವರು ಟೈಟಲ್ಲನ್ನೇ ಕತ್ತರಿಸಿದ ಚಿತ್ರಗಳಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಆದರೆ ಅಚ್ಚಾಗುತ್ತಿದ್ದದ್ದು ಬಿಡುಗಡೆಗೆ ಮುಂಚೆ. ಆಮೇಲೆ ಕತ್ತರಿಗೆ ಸಿಕ್ಕ ಹಾಡುಗಳೂ ಅದರಲ್ಲಿ ಹಾಗೇ ಉಳಿದಿರುತ್ತವೆ.