ಟೆರಿಕಾಟ್ ಏಪ್ರನ್

ನಮ್ಮ ಕಾಲದಲ್ಲಿ ಏಪ್ರನ್ ಇಲ್ಲದೆ ಕೆಮಿಸ್ಟ್ರಿ ಲ್ಯಾಬಿಗೆ ಹೋದರೆ ಬಾಗಿಲಲ್ಲೇ ವಾಪಸ್. ಬೆಳ್ಳಗಿರಬೇಕು, ಇಸ್ತ್ರಿ ಆಗಿರಬೇಕು, ಗುಂಡಿ ಎಲ್ಲ ಹಾಕಿರಬೇಕು. ಬಟ್ಟೆ ಯಾವುದು ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಬೇಗ ಒಣಗುತ್ತೆ, ಸುಕ್ಕಾಗಲ್ಲ ಅಂತ ಹೆಚ್ಚಿನವರದು ಪಾಲಿಯೆಸ್ಟರ್ ಬೆರೆತ ಟೆರಿಕಾಟ್. ಬೆಂಕಿ ಹತ್ತಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ, ಹತ್ತಿ ಬಟ್ಟೆಯೇ ವಾಸಿ ಅಂತ ಹೇಳಿದವರಿಲ್ಲ. ಕನ್ನಡಕ ಕಣ್ಣು ಮಂಜಾದವರಿಗೆ ಮಾತ್ರ. ದ್ರವ ಅಳೆದು ಎಳೆಯುವ ಗಾಜಿನ ನಳಿಗೆ, ಅಂದರೆ ಪಿಪೆಟ್ಟಿಗೆ, ಬಾಯೇ ಗತಿ. ಏಪ್ರನ್ ಅಂದರೆ ನಮಗೆ ಯೂನಿಫಾರ್ಮ್, ಅಷ್ಟೇ.

ಆದರೂ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ ಅಂದರೆ ಅದು ಲ್ಯಾಬ್ ಅಟೆಂಡರ್ ಪುಣ್ಯ. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಸೋಡಿಯಂ ಫ್ಯೂಷನ್, ಅಂದರೆ ಸಾವಯವ ವಸ್ತುವಿನಲ್ಲಿ ಯಾವ ಧಾತುಗಳಿವೆ ಅಂತ ತಿಳಿಯಲು ಅದನ್ನು ಸೋಡಿಯಂ ಜೊತೆ ಪುಟ್ಟ ಗಾಜಿನ ಟ್ಯೂಬಿನಲ್ಲಿ ಕಾಯಿಸುವ ಪ್ರಯೋಗ, ಇದ್ದ ದಿನ ಅವರು ಕೂರುತ್ತಲೇ ಇರಲಿಲ್ಲ. ಸೀಮೆಎಣ್ಣೆಯೊಳಗಿನ ಸೋಡಿಯಂ ಅನ್ನು ಇಕ್ಕಳದಲ್ಲಿ ಎತ್ತಿ, ಫಿಲ್ಟರ್ ಪೇಪರಿನಲ್ಲಿ ಒರೆಸಿ, ಕಡಲೆಬೇಳೆಯಷ್ಟು ಕೊಯ್ದು ಕೊಡುತ್ತಿದ್ದರು. ಕೆಂಪಗೆ ಕಾದ ಟ್ಯೂಬನ್ನು ಚೈನಾ ಡಿಶ್ಶಿನ ನೀರಿಗೆ ಹಾಕಿದರೆ ಅದು ಚಟ್ಟಂತ ಒಡೆಯುತ್ತದೆ. ಒಳಗೆ ಸೋಡಿಯಂ ಉಳಿದಿದ್ದರೆ ನೀರು ತಾಗಿ ಹೊತ್ತಿಕೊಳ್ಳುತ್ತದೆ. ತಕ್ಷಣ ಮೇಲೆ ತಂತಿಬಲೆ ಮುಚ್ಚಬೇಕು. "ಮುಖ ಹಿಂದಕ್ಕೆ ತಗೊಳಮ್ಮ, ಜಡೆ ಏಪ್ರನ್ ಒಳಗೆ ಹಾಕು" ಅಂತ ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದರು. ಮಿಕ್ಕ ಚೂರುಗಳನ್ನು ವಾಪಸ್ ಇಸ್ಕೊಂಡು ಸ್ಪಿರಿಟ್ಟಿಗೆ ಹಾಕುತ್ತಿದ್ದರು. ಸಿಂಕಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಅವರು ರಜೆ ಹಾಕಿದ ದಿನ ಇದ್ಯಾವುದೂ ನಡೆಯುತ್ತಿರಲಿಲ್ಲ. ಅದು ಕಾಲೇಜಿನ ರೂಢಿ ಆಗಿರಲಿಲ್ಲ, ಅವರೊಬ್ಬರದ್ದಾಗಿತ್ತು.

ದೊಡ್ಡ ಜಾಗಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಲಾಸ್ ಏಂಜಲೀಸಿನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ 2008ರ ಡಿಸೆಂಬರ್ 29ರಂದು ಶೆರಿ ಸಂಗ್ಜಿ ಎಂಬ 23 ವರ್ಷದ ರಿಸರ್ಚ್ ಅಸಿಸ್ಟೆಂಟ್ ಸಿರಿಂಜಿನಲ್ಲಿ ಟರ್ಟ್-ಬ್ಯುಟೈಲ್ ಲಿಥಿಯಂ ಎಳೆಯುತ್ತಿದ್ದರು. ಗಾಳಿ ಸೋಕಿದರೆ ಸಾಕು, ತಾನೇ ಉರಿಯುವ ವಸ್ತು. ಸಿರಿಂಜಿನ ದಂಡ ಕಳಚಿ ಬಂತು. ಮೈಮೇಲೆ ಇದ್ದದ್ದು ಸಿಂಥೆಟಿಕ್ ಸ್ವೆಟರ್, ಏಪ್ರನ್ ಇರಲಿಲ್ಲ. 18 ದಿನ ನರಳಿ ತೀರಿಕೊಂಡರು. ಆ ಲ್ಯಾಬಿನಲ್ಲಿ ಏಪ್ರನ್ ಹಾಕುತ್ತಿಲ್ಲ ಅಂತ ಎರಡು ತಿಂಗಳ ಹಿಂದಷ್ಟೇ ತಪಾಸಣೆಯವರು ಬರೆದುಕೊಟ್ಟಿದ್ದರು. ಕಾಗದದ ಮೇಲೆ ಎಚ್ಚರಿಕೆ ಇತ್ತು, ನಿಂತು ಹೇಳುವವರು ಇರಲಿಲ್ಲ ಅಲ್ವಾ?

ಹೋದ ಸಲ ನಮ್ಮ ಕಾಲೇಜಿಗೆ ಬಂದಾಗ ಲ್ಯಾಬಿಗೂ ಹೋಗಿದ್ದೆ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬಂದಿದೆ, ಸಂತೋಷ. ಕಣ್ಣಿಗೆ ಆಸಿಡ್ ಸಿಡಿದರೆ ತೊಳೆಯೋಕೆ ಐ ವಾಶ್ ಇನ್ನೂ ಇಲ್ಲ. ಹಳೆಯ ವಿದ್ಯಾರ್ಥಿಗಳ ದುಡ್ಡಿನಲ್ಲಿ ಸಭಾಂಗಣಕ್ಕೆ ಹೊಸ ಪರದೆ ಹಾಕಿಸುವ ಮಾತಿದೆಯಂತೆ. ಹಾಕಿಸಲಿ, ಬೇಡ ಅನ್ನಲ್ಲ. ನನ್ನ ಪಾಲಿನದು ಮಾತ್ರ ಐ ವಾಶ್‌ಗೆ ಅಂತ ಬರೆದು ಕೊಟ್ಟಿದ್ದೇನೆ.