ಸ್ಕೀ ಟ್ರಿಪ್‌ಗೆ ಊರು ಆರಿಸುವಾಗ ಸಂಜೆ ನಾಲ್ಕು ಗಂಟೆಯ ಲೆಕ್ಕ ಹಾಕಿ

ನಾನು ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಯುರೋಪಿನ ಚಳಿಗಾಲದ ಟ್ರಿಪ್‌ಗಳನ್ನು ನೋಡಿಕೊಳ್ಳುತ್ತೇನೆ. ಸ್ಕೀಯಿಂಗ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರದು ಒಂದೇ ತರಹದ ಗುಂಪು. ಅಣ್ಣನದೋ ಅಕ್ಕನದೋ ಕುಟುಂಬ ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುತ್ತದೆ, ಅವರಿಗೆ ಸ್ಕೀ ಚೆನ್ನಾಗಿ ಬರುತ್ತದೆ. ಇಲ್ಲಿಂದ ಹೊರಡುವವರು ಮನಾಲಿಯಲ್ಲಿ ಹಿಮ ಮುಟ್ಟಿ ನೋಡಿರುತ್ತಾರೆ, ಅಷ್ಟೇ. ಜೊತೆಗೆ ಸ್ಕೀ ತಂಟೆಗೇ ಹೋಗದ ಅಪ್ಪ ಅಮ್ಮ. ಇವರೆಲ್ಲ ಒಂದು ವಾರ ಒಂದೇ ಸೂರಿನಡಿ ಇರಬೇಕು. ಆ ಸೂರು ಯಾವ ಊರಲ್ಲಿ ಅನ್ನೋದನ್ನು ಗಟ್ಟಿ ಮಾಡಿದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ.

ಅವರು ಕೇಳುವ ಜಾಗ ಬಹಳ ಸಲ ಫ್ರಾನ್ಸಿನ ತ್ರುವಾ ವಾಲೆ. ಕೂರ್ಶ್‌ವೆಲ್, ಮೆರಿಬೆಲ್, ಬೆಲ್‌ವಿಲ್ ಅನ್ನುವ ಮೂರು ಕಣಿವೆಗಳನ್ನು ಲಿಫ್ಟ್‌ಗಳು, ಅಂದರೆ ತಂತಿಯ ಮೇಲೆ ಜನರನ್ನು ಬೆಟ್ಟ ಹತ್ತಿಸುವ ಕುರ್ಚಿ, ಗೊಂಡೋಲಗಳು (ಮುಚ್ಚಿದ ಡಬ್ಬಿಗಳು) ಜೋಡಿಸಿವೆ. ಒಟ್ಟು ಸುಮಾರು 600 ಕಿಲೋಮೀಟರ್ ಸ್ಕೀ ದಾರಿ, ಎಲ್ಲಕ್ಕೂ ಒಂದೇ ಪಾಸ್. ಮ್ಯಾಪ್ ಬಿಡಿಸಿ ಮೇಜಿನ ಮೇಲೆ ಹಾಸಿದರೆ ಎಲ್ಲಿ ರೂಂ ಹಿಡಿದರೇನು, ಎಲ್ಲವೂ ಒಂದೇ ಅಲ್ವಾ ಅನಿಸುತ್ತದೆ. ಹಾಗೆ ಅನಿಸೋದು ಲಿಫ್ಟ್ ಓಡುವಷ್ಟು ಹೊತ್ತು ಮಾತ್ರ ನಿಜ.

ಲಿಫ್ಟ್ ನಿಂತ ಮೇಲೆ ಈ ಮೂರೂ ಬೇರೆ ಬೇರೆ ಕಣಿವೆಗಳು. ಬೆಲ್‌ವಿಲ್ ಕಣಿವೆಯಿಂದ ಉಳಿದೆರಡಕ್ಕೆ ಬೆಟ್ಟ ದಾಟುವ ರಸ್ತೆ ಇಲ್ಲ. ಆ ಕಣಿವೆಯ ವಾಲ್ ತೊರಾನ್ಸ್‌ ಊರಿನಲ್ಲಿ ಸಿಕ್ಕಿಹಾಕಿಕೊಂಡವರು ಕೂರ್ಶ್‌ವೆಲ್‌ಗೆ ವಾಪಸ್ ಬರಬೇಕು ಅಂದರೆ ತಿರುವಿನ ಮೇಲೆ ತಿರುವು ಇಳಿದು ಕೆಳಗೆ ಮೂತಿಯೆ ಪಟ್ಟಣ ಮುಟ್ಟಿ, ಅಲ್ಲಿಂದ ಇನ್ನೊಂದು ಕಣಿವೆ ಹತ್ತಬೇಕು, ಸುಮಾರು 60 ಕಿಲೋಮೀಟರ್, ಅದೂ ಕತ್ತಲಾದ ಮೇಲೆ, ಒದ್ದೆ ಬಟ್ಟೆಯಲ್ಲಿ, ಒಂದು ದಿನದ ಪಾಸ್‌ಗಿಂತ ಎಷ್ಟೋ ಜಾಸ್ತಿ ಟ್ಯಾಕ್ಸಿ ಬಾಡಿಗೆ ಕೊಟ್ಟು. ಕಣಿವೆಯಿಂದ ಕಣಿವೆಗೆ ದಾಟಿಸುವ ಮುಖ್ಯ ಲಿಫ್ಟ್‌ಗಳು ನಡುಚಳಿಗಾಲದಲ್ಲಿ ನಾಲ್ಕು ಗಂಟೆಯ ಆಚೀಚೆ ನಿಲ್ಲುತ್ತವೆ. ಅದಕ್ಕೇ ನಾನು ಮೊದಲು ಕೇಳುವುದು ಸಂಜೆ ನಾಲ್ಕಕ್ಕೆ ನಿಮ್ಮಲ್ಲಿ ಯಾರು ಎಲ್ಲಿರುತ್ತಾರೆ, ಅಲ್ಲಿಂದ ಮನೆಗೆ ಹೇಗೆ ಬರುತ್ತಾರೆ ಅಂತ. ಬೆಳಿಗ್ಗೆ ಎಲ್ಲಿಗೆ ಹೋಗಬಹುದು ಅನ್ನೋದು ಆಮೇಲಿನ ಮಾತು.

ಫೋನಿನಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು: "ಮೇಡಂ, ಎಲ್ಲಕ್ಕಿಂತ ಎತ್ತರದ ಊರೇ ಇರಲಿ, ಹಿಮ ಗ್ಯಾರಂಟಿ." ಎತ್ತರದ ಊರು ಅಂದರೆ ವಾಲ್ ತೊರಾನ್ಸ್, 2300 ಮೀಟರ್. ಡಿಸೆಂಬರ್ ಶುರುವಿಗೋ ಏಪ್ರಿಲ್‌ಗೋ ಹೋಗುವುದಾದರೆ, ಗುಂಪಿನಲ್ಲಿ ಎಲ್ಲರಿಗೂ ಸ್ಕೀ ಬರುವುದಾದರೆ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಷ್ಟು ಎತ್ತರದಲ್ಲಿ ಮರ ಇಲ್ಲ. ಮೋಡ ಕವಿದು ಹಿಮ ಬೀಳುವಾಗ ನೆಲ ಯಾವುದು, ಆಕಾಶ ಯಾವುದು ಗೊತ್ತಾಗಲ್ಲ, ಎಲ್ಲ ಒಂದೇ ಬಿಳಿ. ಮರಗಳಿದ್ದರೆ ಆ ಕಪ್ಪು ಗುರುತು ಹಿಡಿದಾದರೂ ಇಳಿಯಬಹುದು. ಹೊಸದಾಗಿ ಕಲಿಯುವವರಿಗೆ ಕಾಲ ಕೆಳಗಿನ ಇಳಿಜಾರೇ ಕಾಣದಿದ್ದರೆ ಆ ದಿನ ಹೋದ ಹಾಗೆಯೇ. ಇಂಥ ದಿನಗಳಿಗೆ ಮೆರಿಬೆಲ್, ಲಾ ತಾನಿಯಾ, ಕೂರ್ಶ್‌ವೆಲ್‌ನ ಕೆಳಭಾಗದ ಕಾಡುಗಳೇ ಆಸರೆ.

ಎರಡನೇ ಮಾತು, ಮಧ್ಯದಲ್ಲಿ ಇದ್ದುಬಿಡೋಣ ಅನ್ನೋದು. ಮಧ್ಯದ ಊರು ಮೆರಿಬೆಲ್ ಮೊತ್ತರೆ, 1750 ಮೀಟರ್. ಅಲ್ಲಿರುವುದು ಮೆಜೆಸ್ಟಿಕ್ ಪಕ್ಕ ಮನೆ ಮಾಡಿದ ಹಾಗೆ, ಯಾವ ದಿಕ್ಕಿಗೆ ಬೇಕಾದರೂ ಹೊರಡಬಹುದು. ಒಂದು ಕಡೆ ಸೊಲೀರ್ ಶಿಖರ ಹತ್ತಿ ಕೂರ್ಶ್‌ವೆಲ್‌ಗೆ ಇಳಿಯಬಹುದು, ಇನ್ನೊಂದು ಕಡೆ ಮೋಂ ದ ಲಾ ಶಾಂಬ್ರ್ ದಾಟಿ ವಾಲ್ ತೊರಾನ್ಸ್‌ಗೆ. ದಿನಾ ಒಂದೊಂದು ದಿಕ್ಕಿಗೆ ಹೋಗಿ ಬರುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಅಪ್ಪ ಅಮ್ಮ ಇದ್ದರೆ ಮಾತ್ರ ನಾನು ಒಂದು ಹೆಜ್ಜೆ ಕೆಳಗೆ, ಮೆರಿಬೆಲ್ ಊರಿಗೇ ಬರಲು ಹೇಳುತ್ತೇನೆ. ಅಲ್ಲಿ ನಡೆದಾಡಲು ಬೀದಿ ಇದೆ, ಕೂರಲು ಕೆಫೆ ಇದೆ. ನಡೆದು ಹೋಗುವವರಿಗೂ ಪ್ರತ್ಯೇಕ ಪಾಸ್ ಸಿಗುತ್ತದೆ, ಗೊಂಡೋಲದಲ್ಲಿ ಮೇಲೆ ಬಂದು ಮೊಮ್ಮಕ್ಕಳ ಜೊತೆ ಮಧ್ಯಾಹ್ನದ ಊಟ ಮಾಡಬಹುದು.

ಆದರೆ ಗುಂಪಿನಲ್ಲಿ ಅರ್ಧ ಜನ ಹೊಸಬರಾದರೆ ನನ್ನ ಆಯ್ಕೆ ಮಧ್ಯವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯ ಊರು, ಕೂರ್ಶ್‌ವೆಲ್ ಮೊರಿಯೋಂ. ಅದೇ ಕಣಿವೆಯ ದುಬಾರಿ ಊರಾದ ಕೂರ್ಶ್‌ವೆಲ್ 1850ರ ದೊಡ್ಡ ಹೆಸರು ಅದಕ್ಕಿಲ್ಲ, ಬಾಡಿಗೆಯೂ ಅಷ್ಟಿಲ್ಲ. ಇಳಿಜಾರು ಸೌಮ್ಯ, ಬಿಸಿಲು ಚೆನ್ನಾಗಿ ಬೀಳುತ್ತದೆ. ಇಷ್ಟು ಹೇಳಿದ ಕೂಡಲೇ ಲಂಡನ್ನಿನ ಭಾವನವರು ಸಾಮಾನ್ಯವಾಗಿ ಬೇಸರ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿಂದ ವಾಲ್ ತೊರಾನ್ಸ್ ಬಹಳ ದೂರ, ಎರಡು ಬೆಟ್ಟ ದಾಟಿ ಹೋಗಬೇಕು, ಅಷ್ಟೇ ದಾಟಿ ಬರಬೇಕು, ಊಟ ಮುಗಿಸಿದ ಕೂಡಲೇ ಹೊರಡಬೇಕು. ಬೇಸರ ಸಹಜವೇ. ಆದರೂ ನಾನು ಪಟ್ಟು ಬಿಡಲ್ಲ. ಸ್ಕೀ ಬರುವವರಿಗೆ ದೂರ ಅಂದರೆ ಒಂದು ಗಂಟೆ ಮೊದಲು ಎದ್ದರಾಯಿತು, ದಾರಿಯೂ ಅವರಿಗೆ ಖುಷಿಯೇ. ಹೊಸಬರ ಪಾಲಿಗೆ ಅದೇ ದೂರ ಬಂದರೆ ಎರಡನೇ ದಿನವೇ ಬೂಟು ಬಿಚ್ಚಿ ರೂಮಲ್ಲಿ ಕೂತುಬಿಡುತ್ತಾರೆ.

ಈ ಬೂಟಿನ ವಿಷಯ ಹಾಕಿ ನಡೆದವರಿಗೇ ಗೊತ್ತು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಕಣಕಾಲು ಮಡಚಲು ಬಿಡಲ್ಲ, ಹಿಮ್ಮಡಿ ಮೊದಲು ಊರಿ ಒಂದೊಂದೇ ಹೆಜ್ಜೆ ಇಡಬೇಕು. ಹೆಗಲ ಮೇಲೆ ನಿಮ್ಮ ಸ್ಕೀ, ಕಂಕುಳಲ್ಲಿ ಮಗುವಿನ ಸ್ಕೀ, ಇನ್ನೊಂದು ಕೈಯಲ್ಲಿ ಮಗು, ಕಾಲ ಕೆಳಗೆ ರಾತ್ರಿ ಗಟ್ಟಿಯಾದ ಮಂಜುಗಡ್ಡೆ. ಮುನ್ನೂರು ಮೀಟರ್ ಅನ್ನೋದು ಹೋಟೆಲ್ ವೆಬ್‌ಸೈಟಿನಲ್ಲಿ ಏನೂ ಅಲ್ಲ. ಆ ಬೂಟಿನಲ್ಲಿ, ಅದೂ ಏರು ರಸ್ತೆಯಾದರೆ, ಕ್ಲಾಸಿಗೆ ಮುಟ್ಟುವಷ್ಟರಲ್ಲಿ ಮಗು ಅಳುತ್ತಿರುತ್ತದೆ. ಹಾಗಾಗಿ ಹೋಟೆಲ್ ನೋಡುವ ಮೊದಲು ಸ್ಕೀ ಸ್ಕೂಲಿನವರು ಮಕ್ಕಳನ್ನು ಸೇರಿಸುವ ಜಾಗವನ್ನು ಮ್ಯಾಪಿನಲ್ಲಿ ಪೆನ್ನಿನಿಂದ ಗುರುತು ಮಾಡಿಕೊಳ್ಳುತ್ತೇನೆ. ಮನೆ ಅದರ ಸುತ್ತಲೇ ಹುಡುಕುತ್ತೇನೆ.

ದುಡ್ಡಿನ ಕಡೆ ನೋಡುವವರಿಗೆ ಬ್ರೀಡ್ ಲೆ ಬ್ಯಾಂ ಇದೆ. ಕಣಿವೆಯ ಬುಡದಲ್ಲಿ, 600 ಮೀಟರಿನಲ್ಲಿ, 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್ ಹೊತ್ತಿಗೆ ಗೊಂಡೋಲ ಬಂದ ಊರು. ಅಗ್ಗ ನಿಜ, ಆದರೆ ಮೆರಿಬೆಲ್ ಮುಟ್ಟಲು ಗೊಂಡೋಲದಲ್ಲೇ ಸುಮಾರು 25 ನಿಮಿಷ. ಮಗುವಿಗೆ ಹೊಟ್ಟೆನೋವು ಬಂದರೆ ಸುಮ್ನೆ ಹಾಗೆ ಮನೆಗೆ ಬಂದು ಹೋಗಲು ಆಗಲ್ಲ. ಬಜೆಟ್ ಬಿಗಿ ಇದ್ದರೆ ನಾನು ಅದಕ್ಕಿಂತ ಬೆಲ್‌ವಿಲ್ ಕಣಿವೆಯ ಲೆ ಮೆನ್ವೀರ್ ಕಡೆ ಕಳಿಸುತ್ತೇನೆ. ಕಟ್ಟಡಗಳು ನೋಡಲು ಚೆಂದ ಇಲ್ಲ ಅಂತ ಬಹಳ ಜನ ಮೂಗು ಮುರಿಯುತ್ತಾರೆ, ಆದರೆ ಬಾಗಿಲು ತೆಗೆದರೆ ಹಿಮ, ರೂಮಿನಲ್ಲೇ ಅಡುಗೆಮನೆ.

ಅಡುಗೆಮನೆ ನಮ್ಮವರಿಗೆ ಬಹಳ ಮುಖ್ಯ. ಅಲ್ಲಿಯ ಪ್ರಸಿದ್ಧ ತಾರ್ತಿಫ್ಲೆತ್ ಆಲೂಗಡ್ಡೆ, ಚೀಸ್‌ನದು ಅಂತ ಆರ್ಡರ್ ಮಾಡಿದರೆ ಒಳಗೆ ಹಂದಿ ಮಾಂಸದ ಚೂರು ಇರುತ್ತದೆ. ಆ ಸೀಮೆಯ ಬೋಫೋರ್ ಚೀಸ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ಬರುವ ರೆನೆಟ್. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪುಟ್ಟ ಕುಕ್ಕರ್, ಅಕ್ಕಿ, ಸಾರಿನ ಪುಡಿ ಸೂಟ್‌ಕೇಸಿನಲ್ಲಿ ಇದ್ದರೆ ರಾತ್ರಿಯ ಚಿಂತೆ ಇಲ್ಲ.

ಪಾಸ್ ವಿಷಯದಲ್ಲೂ ಮೊದಲ ದಿನವೇ ಮೂರೂ ಕಣಿವೆಯದು ಬೇಡ. ಹೊಸಬರು ತಾವು ಉಳಿದುಕೊಂಡಿರುವ ಕಣಿವೆಯ ಪಾಸ್ ಮಾತ್ರ ತೆಗೆದುಕೊಳ್ಳಲಿ. ವಾರದ ಕೊನೆಗೆ ಕಾಲು ಕುದುರಿದರೆ ಒಂದು ದಿನದ ಮಟ್ಟಿಗೆ ಮೂರೂ ಕಣಿವೆಗೆ ವಿಸ್ತರಿಸಿಕೊಳ್ಳಬಹುದು. ಆ ದಿನ ಯಾವುದು ಅನ್ನೋದನ್ನು ಹಿಂದಿನ ರಾತ್ರಿ ಹವಾಮಾನ ನೋಡಿ ತೀರ್ಮಾನಿಸಿ. ಮೇಲೆ ಗಾಳಿ ಜೋರಿದೆ ಅಂತಿದ್ದರೆ ಕಣಿವೆ ದಾಟಬೇಡಿ, ಮೊದಲು ನಿಲ್ಲುವುದು ಆ ಎತ್ತರದ ಲಿಫ್ಟ್‌ಗಳೇ.