ಸಕ್ಕರೆ ಕಾಯಿಲೆ ಯಾರಿಗೆ?

ವೈದ್ಯರು ಬರೆದ ಟಿಪ್ಪಣಿಗಳನ್ನು ಓದಿ ಕೋಷ್ಟಕಕ್ಕೆ ಇಳಿಸುವ ಸಾಫ್ಟ್‌ವೇರ್ ಮಾಡುವುದು ನನ್ನ ಕೆಲಸ. ಕಾಯಿಲೆಯ ಹೆಸರು ಹುಡುಕಿ, ಐಸಿಡಿ-10 ಅಥವಾ ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ಸಂಕೇತಪಟ್ಟಿಯಿಂದ ಅದಕ್ಕೊಂದು ಕೋಡ್ ಹಚ್ಚಿದರೆ ಮುಗೀತು ಅಂದುಕೊಂಡಿದ್ದೆ.

ಮೊದಲ ಫಲಿತಾಂಶ ಬಂದಾಗ ಸಕ್ಕರೆ ಕಾಯಿಲೆಯವರು ಸಿಕ್ಕಾಪಟ್ಟೆ ಜಾಸ್ತಿ ಇದ್ದರು. ಅನುಮಾನ ಬಂದು ಮೂಲ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಒಂದರಲ್ಲಿ ಹೀಗಿತ್ತು: ‘ಫಾದರ್ ಡಯಾಬಿಟಿಕ್. ಡಿನೈಸ್ ಚೆಸ್ಟ್ ಪೇನ್. ರೂಲ್ ಔಟ್ ನ್ಯುಮೋನಿಯಾ.’ ನಮ್ಮ ಪ್ರೋಗ್ರಾಂ ಆ ರೋಗಿಗೆ ಸಕ್ಕರೆ ಕಾಯಿಲೆ, ಎದೆನೋವು, ನ್ಯುಮೋನಿಯಾ ಮೂರನ್ನೂ ಕೊಟ್ಟುಬಿಟ್ಟಿತ್ತು! ಸಕ್ಕರೆ ಇದ್ದದ್ದು ಅಪ್ಪನಿಗೆ. ಎದೆನೋವು ಇಲ್ಲ ಅಂತ ರೋಗಿಯೇ ಹೇಳಿದ್ದ. ನ್ಯುಮೋನಿಯಾ ಇದೆಯೋ ಇಲ್ಲವೋ ಇನ್ನೂ ನೋಡಬೇಕಿತ್ತು, ಅಷ್ಟೆ.

ಈ ‘ಇಲ್ಲ’ವನ್ನು ಹಿಡಿಯಲು ನೆಗ್‌ಎಕ್ಸ್ ಹಾಕಿದೆವು. 2001ರಲ್ಲಿ ವೆಂಡಿ ಚಾಪ್‌ಮನ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನ ಅದು. ‘ನೋ’, ‘ಡಿನೈಸ್’, ‘ವಿತೌಟ್’ ಥರದ ಪದ ಕಂಡರೆ ಆಸುಪಾಸಿನ ಕಾಯಿಲೆಗೆ ‘ಇಲ್ಲ’ ಅಂತ ಗುರುತು ಹಾಕುತ್ತದೆ. ಹಳೆಯದು, ಸರಳ, ಆದರೂ ನನಗೆ ಈಗಲೂ ಇಷ್ಟ. ಎಡವಿದ್ದು ನಾನು. ಅವಸರದಲ್ಲಿ ಅದರ ಪದಪಟ್ಟಿಯನ್ನು ಅರ್ಧ ಮಾತ್ರ ತಂದಿದ್ದೆ. ‘ನೋ ಚೇಂಜ್ ಇನ್ ಟ್ಯೂಮರ್’ ಅನ್ನುವ ಸಾಲು ಬಂತು. ಗಡ್ಡೆ ಇದೆ, ಬೆಳೆದಿಲ್ಲ ಅಂತ ಅರ್ಥ. ನಮ್ಮ ಕೋಷ್ಟಕದಲ್ಲಿ ಗಡ್ಡೆಯೇ ಮಾಯ. ಇಂಥ ಹುಸಿ ‘ಇಲ್ಲ’ಗಳಿಗೇ ನೆಗ್‌ಎಕ್ಸ್‌ನಲ್ಲಿ ಬೇರೊಂದು ಪಟ್ಟಿ ಇದೆ. ನಾನು ಬಿಟ್ಟಿದ್ದು ಅದನ್ನೇ!

ಸಂಕ್ಷಿಪ್ತ ಹೆಸರುಗಳ ಕಾಟ ಬೇರೆ. ಎಂ.ಎಸ್. ಅಂದರೆ ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಹೃದ್ರೋಗ ವಿಭಾಗದಲ್ಲಿ ಮೈಟ್ರಲ್ ಸ್ಟೆನೋಸಿಸ್. ಟಿಪ್ಪಣಿ ಎಲ್ಲಿಂದ ಬಂತು ಅಂತ ನೋಡದೆ ಬಿಡಿಸಲು ಆಗಲ್ಲ.

ಇನ್ನು ಕೋಷ್ಟಕದ ಖಾಲಿ ಮನೆಗಳು. ಸಿಗರೇಟಿನ ಮಾತೇ ಬಾರದಿದ್ದರೆ ಸುಮ್ನೆ ‘ಸೇದುವುದಿಲ್ಲ’ ಅಂತ ತುಂಬುತ್ತಿದ್ದೆವು. ಪರಿಶೀಲನೆಗೆ ಕೂತ ವೈದ್ಯರು ಕನ್ನಡಕ ತೆಗೆದು ಕೇಳಿದರು: “ಇದನ್ನು ನಾನು ಕೇಳಿಯೇ ಇರಲಿಲ್ಲ. ನಿಮಗೆ ಯಾರು ಹೇಳಿದ್ರು?”

ಅವತ್ತೇ ‘ಗೊತ್ತಿಲ್ಲ’ ಅನ್ನುವ ಆಯ್ಕೆ ಸೇರಿಸಿದೆವು. ಈಗ ಪ್ರತಿ ಕಾಯಿಲೆಯ ಪಕ್ಕ ಯಾರಿಗೆ, ಯಾವಾಗ, ಇದೆಯೋ ಇಲ್ಲವೋ ಬರೀ ಅನುಮಾನವೋ ಅಂತ ಮೂರು ಕಾಲಂ. ನಾಲ್ಕನೆಯದರಲ್ಲಿ ಮೂಲ ಸಾಲು ಹಾಗೇ ಇರುತ್ತದೆ. ಆ ವೈದ್ಯರು ಮೊದಲು ಓದುವುದು ನಾಲ್ಕನೆಯದನ್ನೇ.